ಪಂಪ್‌ವೆಲ್‌ನ ರೆಕ್ಕೆ ಪುರಾಣ

ಮಂಗಳೂರಿಗೆ ಬರುವವರಲ್ಲಿ ಹೆಚ್ಚಿನವರು ಪಂಪ್‌ವೆಲ್‌ಗೆಂದೇ ಬರುವುದಿಲ್ಲ. ಪಂಪ್‌ವೆಲ್ ದಾಟಿ ಊರೊಳಗೆ ಹೋಗುತ್ತಾರೆ, ಮತ್ತೆ ಪಂಪ್‌ವೆಲ್ ದಾಟಿಯೇ ಹಿಂದಿರುಗುತ್ತಾರೆ. ಉಡುಪಿಯ ಕಡೆಯಿಂದ ಕಾಸರಗೋಡಿಗೆ ಹೋಗುವ ಹೆದ್ದಾರಿಗೆ ಇತ್ತ ಪಡೀಲಿನ ರಸ್ತೆ, ಅತ್ತ ಕಂಕನಾಡಿಯ ರಸ್ತೆ ಬಂದು ಸೇರುವ ಈ ಜಾಗದಲ್ಲಿ ಸದಾ ಯಾರೋ ಯಾರಿಗಾಗಿಯೋ ಕಾಯುತ್ತಿರುತ್ತಾರೆ. ಹೆಸರಿನಲ್ಲಿ ಪಂಪೂ ಉಂಟು, ಬಾವಿಯೂ ಉಂಟು. ಕಣ್ಣಿಗೆ ಬೀಳುವುದು ಮಾತ್ರ ಮೇಲ್ಸೇತುವೆ. ಮಹಾವೀರ ವೃತ್ತ ಎಂಬ ಇನ್ನೊಂದು ಹೆಸರೂ ಇದಕ್ಕಿದೆ. ವೃತ್ತದ ನಡುವೆ ಇದ್ದ ದೊಡ್ಡ ಕಲಶ ಈ ಸೇತುವೆಗಾಗಿ ಜಾಗ ಬಿಟ್ಟುಕೊಡಬೇಕಾಯಿತು. 2010ರಲ್ಲಿ ಕೆಲಸ ಶುರುವಾದ ಸೇತುವೆಯ ಮೇಲೆ ವಾಹನ ಓಡಿದ್ದು 2020ರ ಜನವರಿ 31ರಂದು. ಕೆಲಸ ಶುರುವಾದ ವರ್ಷ ಪಿಯುಸಿಗೆ ಸೇರಿದವರು ಎಂಬಿಬಿಎಸ್ ಮುಗಿಸಿ ಹೊರಗೆ ಬಂದರೂ ಸೇತುವೆ ಮುಗಿದಿರಲಿಲ್ಲ ಎಂಬುದು ಊರಿನವರ ಲೆಕ್ಕ.

ವಿದ್ಯಾರ್ಥಿಗಳನ್ನು ಬಿಟ್ಟು ಪಂಪ್‌ವೆಲ್‌ನ ಮಾತಾಡುವಂತಿಲ್ಲ. ಇಲ್ಲಿಂದ ಕಂಕನಾಡಿಯತ್ತ ಸ್ವಲ್ಪ ನಡೆದರೆ 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆ, ಅದರ ಕಾಲೇಜುಗಳು. ದಕ್ಷಿಣಕ್ಕೆ ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ತಿರುಗಿದರೆ ದೇರಳಕಟ್ಟೆ. ಅಲ್ಲಂತೂ ಬೋರ್ಡು ಕಂಡಲ್ಲೆಲ್ಲ ಕಾಲೇಜು. ಪುತ್ತೂರು, ಸುಳ್ಯ, ಬೆಳ್ತಂಗಡಿ, ಕಾಸರಗೋಡು, ಘಟ್ಟದ ಮೇಲಿನ ಊರುಗಳು, ಇಡೀ ಕೇರಳ - ಎಲ್ಲ ಕಡೆಯ ಮಕ್ಕಳೂ ಚೀಲ ಹೊತ್ತು ಇಲ್ಲಿ ಇಳಿಯುತ್ತಾರೆ. ಅವರನ್ನು ನೋಡಲು ತಂದೆ ತಾಯಿ ಬರುತ್ತಾರೆ. ನೋಡಿದ ಮೇಲೆ ಏನಾದರೂ ತಿನ್ನಿಸದೆ ಹೋಗುವುದುಂಟೇ? ಸಂಜೆ ಆರು ಗಂಟೆಗೆ ಸರಿಯಾಗಿ ರಸ್ತೆ ಬದಿಯಲ್ಲಿ ಕೆಂಡ ಕೆದಕುವ ಹೊತ್ತು. ಬಸ್ಸಿನ ಹೊಗೆಯನ್ನೂ ಮೀರಿಸಿ ಕೋಳಿ ಸುಡುವ ವಾಸನೆ ಬರುತ್ತದೆ. ಸಸ್ಯಾಹಾರಿಗಳು ಕ್ಷಮಿಸಬೇಕು, ಈ ಲೇಖನದುದ್ದಕ್ಕೂ ಆ ವಾಸನೆಯೇ ಇರುವುದು.

ಸುಳ್ಯದ ಕಡೆಯ ಒಂದು ಸಂಸಾರ ಎಂದಿಟ್ಟುಕೊಳ್ಳಿ. ಮಗಳು ನರ್ಸಿಂಗ್ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ. ಅಪ್ಪ, ಅಮ್ಮ, ಹತ್ತನೇ ಕ್ಲಾಸಿನ ತಮ್ಮ ಭಾನುವಾರ ಬಂದಿದ್ದಾರೆ. ಹಿಂದಿರುಗುವ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಉಂಟು. ಹೊಟೇಲಿನಲ್ಲಿ ಕೂತು ಮೆನು ಬಿಡಿಸಿದ್ದೇ ತಡ, ಹುಡುಗ ಬೆರಳಿಟ್ಟದ್ದು "ವಿಂಗ್ಸ್" ಎಂಬ ಸಾಲಿನ ಮೇಲೆ.

"ರೆಕ್ಕೆಯಾ? ಅದರಲ್ಲಿ ಎಂತ ಉಂಟು ಮಾರಾಯ, ಎಲುಬು! ದುಡ್ಡು ಕೊಟ್ಟು ಯಾರಾದರೂ ಎಲುಬು ತಿನ್ನುತ್ತಾರಾ?" ಎಂದು ಅಪ್ಪ.

"ನಿನಗೆ ಗೊತ್ತಿಲ್ಲ ಅಪ್ಪ, ಈಗ ಎಲ್ಲರೂ ತಿನ್ನುವುದು ಅದನ್ನೇ."

"ಬೋನ್‌ಲೆಸ್ ಹೇಳಿ. ಕೈ ಕೊಳೆಯಾಗುವುದಿಲ್ಲ," ಎಂದು ಮಗಳು.

ಅಮ್ಮ ಮಾತಾಡಲಿಲ್ಲ. ಆ ಮೇಜಿನಲ್ಲಿ ಕೂತ ನಾಲ್ವರಲ್ಲಿ ರೆಕ್ಕೆಯ ವಿಷಯದಲ್ಲಿ ಇಪ್ಪತ್ತು ವರ್ಷದ ಅನುಭವ ಇದ್ದದ್ದು ಅವರಿಗೊಬ್ಬರಿಗೇ.

ಆ ಅನುಭವ ಏನೆಂದು ತಿಳಿಯಲು ತುಳುನಾಡಿನ ಮನೆಗಳಲ್ಲಿ ಒಂದು ಕೋಳಿ ಹೇಗೆ ಪಾಲಾಗುತ್ತದೆ ಎಂದು ನೋಡಬೇಕು. ತುಳುವಿನಲ್ಲಿ ಕೋರಿ, ಕೊಂಕಣಿಯಲ್ಲಿ ಕುಂಕಡ್, ಮಲಯಾಳದಲ್ಲಿ ಕೋಳಿ. ಮಾತು ಬೇರೆಯಾದರೂ ಪಾಲಿನ ಕ್ರಮದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕೋಳಿಗೆ ಕಾಲು ಎರಡೇ. ನೆಂಟರು ಬಂದರೆ ಅವರಿಗೆ ಒಂದು, ಹೊಸ ಅಳಿಯ ಬಂದರೆ ಅವನಿಗೆ ಎರಡೂ. ಯಾರೂ ಬಾರದ ದಿನ ಮಕ್ಕಳಿಗೆ. ಮೂರು ಮಕ್ಕಳಿದ್ದರೆ ಆ ಮನೆಯಲ್ಲಿ ಆ ದಿನ ಶಾಂತಿ ಇರುವುದಿಲ್ಲ. ಲಿವರ್ ಚಿಕ್ಕವರಿಗೆ, ಎದೆಯ ದಪ್ಪ ತುಂಡುಗಳು ಗಂಡಸರ ಬಟ್ಟಲಿಗೆ. ಕುತ್ತಿಗೆ, ಬೆನ್ನು, ರೆಕ್ಕೆ ಪಾತ್ರೆಯ ತಳದಲ್ಲಿ ಉಳಿಯುತ್ತವೆ. ಪಾತ್ರೆಯ ತಳಕ್ಕೆ ಬರುವ ಹೊತ್ತಿಗೆ ಊಟಕ್ಕೆ ಉಳಿದಿರುವುದು ಬಡಿಸಿದವಳೊಬ್ಬಳೇ.

ಹೀಗೆ ವರ್ಷಗಟ್ಟಲೆ ಒಬ್ಬರ ಪಾಲಿಗೆ ಬಂದದ್ದನ್ನು ಮನೆಯವರು "ಅಮ್ಮನಿಗೆ ರೆಕ್ಕೆ ಇಷ್ಟ" ಎಂದು ತಿಳಿದುಬಿಡುತ್ತಾರೆ. ಇಷ್ಟವೋ ಅಭ್ಯಾಸವೋ ಎಂದು ಕೇಳಿದವರು ಯಾರು? ಆ ಪ್ರಶ್ನೆ ಪಂಪ್‌ವೆಲ್‌ನ ಮೇಜಿಗೂ ಬರುತ್ತದೆ. ಅದಕ್ಕೆ ಮೊದಲು ಕೋಳಿಯಂಗಡಿಗೆ ಒಮ್ಮೆ ಹೋಗಿ ಬರಬೇಕು. ರೆಕ್ಕೆಯ ಮಾನ ಹೋದದ್ದು ಅಲ್ಲಿ.

ಮನೆಯ ಅಂಗಳದಲ್ಲಿ ಊರ ಕೋಳಿ ಕೊಯ್ಯುತ್ತಿದ್ದಾಗ ಬಿಸಿನೀರಿನಲ್ಲಿ ಅದ್ದಿ ಪುಕ್ಕ ತರಿದು, ಉಳಿದ ಸಣ್ಣ ರೋಮ ಸುಟ್ಟುಹೋಗುವಂತೆ ಬೆಂಕಿಯ ಮೇಲೆ ಆಡಿಸಿ, ಅರಸಿನ ಉಜ್ಜಿ ತೊಳೆಯುತ್ತಿದ್ದರು. ಚರ್ಮ ಮಾಂಸದ ಮೇಲೆ ಹಾಗೇ ಉಳಿಯುತ್ತಿತ್ತು. ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆ ಇಪ್ಪತ್ತು ಜನ ಕಾದು ನಿಂತಾಗ ಅಷ್ಟು ವ್ಯವಧಾನ ಯಾರಿಗಿದೆ? ಪುಕ್ಕ ಸಮೇತ ಚರ್ಮವನ್ನೇ ಅಂಗಿ ಕಳಚಿದಂತೆ ಎಳೆದು ತೆಗೆಯುತ್ತಾರೆ. "ವಿತ್ ಸ್ಕಿನ್ ಬೇಕಾ, ವಿತೌಟ್ ಸ್ಕಿನ್ನಾ?" ಎಂಬ ಪ್ರಶ್ನೆಗೆ ಹೆಚ್ಚಿನವರ ಉತ್ತರ ಎರಡನೆಯದು. ಚರ್ಮದಲ್ಲಿ ಕೊಬ್ಬು ಎಂದು ಡಾಕ್ಟರು ಹೇಳಿದ್ದಾರೆ, ಅದು ಸುಳ್ಳೂ ಅಲ್ಲ. ಆದರೆ ಕಾಲಿನ ಚರ್ಮ ತೆಗೆದರೆ ಕಾಲು ಕಾಲಾಗಿಯೇ ಉಳಿಯುತ್ತದೆ. ಎದೆಯೂ ಅಷ್ಟೇ. ರೆಕ್ಕೆಯಲ್ಲಿ ಇರುವುದೇ ಅರ್ಧ ಚರ್ಮ. ಅದನ್ನು ಎಳೆದು, ತುದಿಯನ್ನು ಕತ್ತಿಯ ಒಂದೇ ಏಟಿಗೆ ಹಾರಿಸಿಬಿಟ್ಟರೆ ಉಳಿಯುವುದು ಅಪ್ಪ ಹೇಳಿದ ಎಲುಬೇ. ಅವರು ಮಾತಾಡಿದ್ದು ತಪ್ಪಲ್ಲ. ಅವರು ನೋಡಿದ ರೆಕ್ಕೆ ಅಂಥದ್ದು.

ಅಂಗಡಿಯ ಭಾಷೆಯೂ ಕೇಳಲು ಚಂದ. ಕರಿ ಕಟ್, ಬಿರಿಯಾನಿ ಕಟ್, ಕಬಾಬಿಗೆ ಬೇರೆ, ಸುಕ್ಕಕ್ಕೆ ಬೇರೆ. ಸುಕ್ಕಕ್ಕೆ ತುಂಡು ಚಿಕ್ಕದಾಗಿರಬೇಕು. ಹುರಿದ ತೆಂಗಿನತುರಿ, ಕೊತ್ತಂಬರಿ, ಬ್ಯಾಡಗಿ ಮೆಣಸು ಪ್ರತಿ ತುಂಡಿಗೂ ಸುತ್ತ ಹಿಡಿಯಬೇಕು. ಗಸಿಗೆ ತುಂಡು ತುಸು ದೊಡ್ಡದು. ಎಲುಬಿನ ಸಾರ ತೆಂಗಿನ ಹಾಲಿಗೆ ಇಳಿಯಬೇಕು. ಆ ಗಸಿಯನ್ನು ತೆಳ್ಳಗಿನ ಗರಿಗರಿ ಅಕ್ಕಿ ರೊಟ್ಟಿಯ ಮೇಲೆ ಸುರಿದರೆ ಕೋರಿ ರೊಟ್ಟಿ. ರೊಟ್ಟಿ ಪೂರಾ ಮೆತ್ತಗಾಗುವ ಮೊದಲು ತಿನ್ನಬೇಕೋ ಆದ ಮೇಲೋ ಎಂಬ ಬಗ್ಗೆ ಒಂದೇ ಮನೆಯ ಅಣ್ಣ ತಮ್ಮಂದಿರು ಜಗಳ ಮಾಡುತ್ತಾರೆ. ಅದು ಇನ್ನೊಂದು ಪುರಾಣ.

ಕಾಲಿನ ಮಾಂಸ ಕಪ್ಪಗೆ, ಎದೆಯದು ಬಿಳಿ ಯಾಕೆ ಎಂದು ಆ ಹುಡುಗ ಕೇಳಿದರೆ ಅಕ್ಕ ಹೇಳಬಲ್ಲಳು, ಅವಳು ಓದಿದ್ದಾಳೆ. ಕೋಳಿ ಹಗಲಿಡೀ ನಡೆಯುವ ಪ್ರಾಣಿ. ಹಾಗೆ ಬಿಡುವಿಲ್ಲದೆ ದುಡಿಯುವ ಸ್ನಾಯುವಿಗೆ ಆಮ್ಲಜನಕದ ದಾಸ್ತಾನು ಬೇಕು. ಆ ದಾಸ್ತಾನು ಮಾಡುವ ಮಯೋಗ್ಲೋಬಿನ್ ಎಂಬ ವಸ್ತುವಿನ ಬಣ್ಣ ಕೆಂಪು. ಎದೆ ಮತ್ತು ರೆಕ್ಕೆ ಕೆಲಸ ಮಾಡುವುದು ನಾಯಿ ಅಟ್ಟಿಸಿಕೊಂಡು ಬಂದಾಗ ಒಮ್ಮೆ ಪಟಪಟನೆ ಹಾರಲು, ಅಷ್ಟೇ. ಅದಕ್ಕೆ ದಾಸ್ತಾನು ಬೇಡ. ಅದೇ ದೂರ ಹಾರುವ ಕಾಡುಬಾತುವಿನ ಎದೆ ನೋಡಿ, ಅದು ಕಪ್ಪು. ಅಂದರೆ ಲೆಕ್ಕಕ್ಕೆ ರೆಕ್ಕೆಯೂ ಬಿಳಿ ಮಾಂಸವೇ. ಆದರೂ ಬೆಂದಾಗ ಎದೆಯಂತೆ ಒಣಗುವುದಿಲ್ಲ. ಮೂರು ಗೆಣ್ಣುಗಳ ಸುತ್ತ ಇರುವ ಅಂಟು ಪದಾರ್ಥ ನಿಧಾನದ ಬಿಸಿಗೆ ಕರಗಿ ಮಾಂಸಕ್ಕೆ ಜಿಗುಟು ಕೊಡುತ್ತದೆ. ತಿಂದ ಮೇಲೆ ಬೆರಳು ಅಂಟಿಕೊಳ್ಳುವುದು ಅದರಿಂದಲೇ. ಊರ ಕೋಳಿಯ ರೆಕ್ಕೆಯಾದರೆ ಇನ್ನೂ ಗಟ್ಟಿ. ಅದು ಸಂಜೆ ಹಲಸಿನ ಮರದ ಕೊಂಬೆಗೆ ಹಾರಿ ಕೂತು ಅಭ್ಯಾಸವಿದ್ದ ಕೋಳಿ. ನಲವತ್ತು ದಿನದ ಆಸುಪಾಸಿನಲ್ಲೇ ಎರಡು ಕಿಲೋ ತೂಗುವ ಬ್ರಾಯ್ಲರ್‌ಗೆ ಹಾರಾಟವೆಂದರೇನೆಂದೇ ಗೊತ್ತಿಲ್ಲ.

ಎಲುಬಿನ ಪಕ್ಕ ಕೆಂಪು ಕಂಡರೆ ಬೆಂದಿಲ್ಲ ಎಂದು ತಟ್ಟೆ ಹಿಂದೆ ಕಳಿಸುವವರುಂಟು. ಎಳೆಯ ಕೋಳಿಯ ಎಲುಬು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಮಜ್ಜೆಯ ಬಣ್ಣ ಹೊರಗೆ ಜಿನುಗಿ, ಬೆಂದ ಮೇಲೂ ಹಾಗೇ ಕಾಣಬಹುದು. ಬಣ್ಣ ನೋಡಿ ಹೇಳಲಾಗುವುದಿಲ್ಲ. ಒಳಗೆ 74 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿರಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಹಾಸ್ಟೆಲ್ ರೂಮಿನಲ್ಲಿ ಕದ್ದುಮುಚ್ಚಿ ಅಡಿಗೆ ಮಾಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ರೆಕ್ಕೆಗೆ ಹೋದ ಮಾನ ಮರಳಿ ಬಂದದ್ದು ನಮ್ಮಲ್ಲಲ್ಲ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫೆಲೊ ಎಂಬ ಊರಿನಲ್ಲಿ. ಅಲ್ಲಿಯೂ ರೆಕ್ಕೆಯ ಕತೆ ನಮ್ಮದೇ. ಸೂಪಿನ ಪಾತ್ರೆಗೆ ಹಾಕುವ ಅಗ್ಗದ ತುಂಡು. 1964ರಲ್ಲಿ ಆಂಕರ್ ಬಾರ್ ಎಂಬಲ್ಲಿ ತೆರೆಸಾ ಬೆಲಿಸಿಮೊ ಎಂಬಾಕೆ ಅದನ್ನು ಎಣ್ಣೆಯಲ್ಲಿ ಕರಿದು, ಬೆಣ್ಣೆ ಬೆರೆಸಿದ ಖಾರದ ಸಾಸ್‌ನಲ್ಲಿ ಹೊರಳಿಸಿ ಕೊಟ್ಟರೆಂದು ಪ್ರತೀತಿ. ಯಾಕೆ ಮಾಡಿದರು ಎಂಬುದಕ್ಕೆ ಆ ಮನೆಯವರೇ ಒಂದಕ್ಕಿಂತ ಹೆಚ್ಚು ಕತೆ ಹೇಳಿದ್ದಾರೆ. ಅದೇ ಊರಿನ ಜಾನ್ ಯಂಗ್ ಎಂಬ ಕಪ್ಪುಜನಾಂಗದ ಹೊಟೇಲಿಗ, ಇಡೀ ರೆಕ್ಕೆಯನ್ನು ಕತ್ತರಿಸದೆ ಹಿಟ್ಟು ಹಚ್ಚಿ ಕರಿದು ತಾನೂ ಆ ಕಾಲದಲ್ಲೇ ಮಾರುತ್ತಿದ್ದೆ ಎಂದು ಹಕ್ಕು ಮಂಡಿಸಿದ್ದರು. ತುಂಡು ಮಾಡಿದ್ದು ಸರಿಯೋ ಇಡಿಯಾಗಿ ಇಟ್ಟದ್ದು ಸರಿಯೋ ಎಂಬ ವಾದಕ್ಕೆ ಅಲ್ಲಿಂದಲೇ ಬೀಜ ಬಿತ್ತು. 1977ರ ಜುಲೈ 29ನ್ನು ಆ ನಗರ ರೆಕ್ಕೆಯ ದಿನವೆಂದೇ ಘೋಷಿಸಿತು. ಭುಜದ ಕಡೆಯ ಒಂಟಿ ಎಲುಬಿನ ತುಂಡು ಮೇಲೋ, ಎರಡು ತೆಳು ಎಲುಬುಗಳ ನಡುವಿನ ಚಪ್ಪಟೆ ತುಂಡು ಮೇಲೋ ಎಂದು ಅಲ್ಲಿನವರು ಇಂದಿಗೂ ಪಕ್ಷ ಕಟ್ಟಿ ವಾದಿಸುತ್ತಾರೆ.

ಅಮೆರಿಕದ ಕರಿದ ಕೋಳಿ ಕರ್ನಾಟಕಕ್ಕೆ ಬಂದಾಗ ಸುಮ್ಮನೆ ಬರಲಿಲ್ಲ. 1995ರ ಜೂನ್‌ನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ತನ್ನ ಭಾರತದ ಮೊದಲ ಅಂಗಡಿ ತೆರೆಯಿತು. ಸೆಪ್ಟೆಂಬರ್‌ನಲ್ಲಿ, ಅಜಿನೊಮೊಟೊ ಮಿತಿ ಮೀರಿದೆಯೆಂದು ಮಹಾನಗರ ಪಾಲಿಕೆ ಪರವಾನಿಗೆ ರದ್ದು ಮಾಡಿತು. ನ್ಯಾಯಾಲಯದ ಆದೇಶದಿಂದ ಮತ್ತೆ ತೆರೆಯಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಮೊದಲಿನಿಂದ ವಿರೋಧಿಸುತ್ತ ಬಂದಿತ್ತು. 1996ರ ಜನವರಿ 30ರಂದು ರೈತರು ನುಗ್ಗಿ ಅಂಗಡಿಯನ್ನು ಪುಡಿಗಟ್ಟಿದರು. ಆಗ ಪತ್ರಿಕೆ ಓದಿ ಬಿಸಿಬಿಸಿ ಚರ್ಚೆ ಮಾಡಿದ ಕಾಲೇಜು ಹುಡುಗರೇ ಈಗ ಮಕ್ಕಳನ್ನು ಕಾಲೇಜಿಗೆ ಬಿಡಲು ಬರುವ ಅಪ್ಪಂದಿರು. ಮಗ ವಿಂಗ್ಸ್ ಎಂದಾಗ ಅವರ ಮುಖ ಸಿಂಡರಿಸಿದರೆ ಅದರಲ್ಲಿ ಎಲುಬಿನ ಜೊತೆಗೆ ಸ್ವಲ್ಪ ಇತಿಹಾಸವೂ ಇರಬಹುದು.

ಇನ್ನು ಪಂಪ್‌ವೆಲ್‌ನ ಮೇಜಿಗೆ ಬರೋಣ. ವಾದ ಮುಗಿಯದೆ ಅಪ್ಪ ತಮ್ಮ ಅಧಿಕಾರ ಚಲಾಯಿಸಿ ಸಪ್ಲಾಯರ್‌ನನ್ನು ಕರೆದರು. ಒಂದು ಘೀ ರೋಸ್ಟ್, ನೀರುದೋಸೆ, ಮಕ್ಕಳಿಗೆ ಅರ್ಧ ಅಲ್‌ಫಹಮ್, ತಮಗೆ ಒಂದು ಪ್ಲೇಟ್ ಚಿಕನ್ ಲಾಲಿಪಾಪ್. ಮಗಳು ನಕ್ಕಳು. ಲಾಲಿಪಾಪ್ ಎಂದರೆ ಮತ್ತೇನು? ರೆಕ್ಕೆಯೇ! ಭುಜದ ಕಡೆಯ ತುಂಡಿನ ಮಾಂಸವನ್ನು ಎಲುಬಿನಿಂದ ಬಿಡಿಸಿ ಒಂದು ತುದಿಗೆ ಉಂಡೆಯಂತೆ ದೂಡಿದರೆ ಹಿಡಿಯಲು ಹಿಡಿ, ತಿನ್ನಲು ಉಂಡೆ. ನಡುವಿನ ತುಂಡಿನಿಂದಲೂ ಮಾಡುತ್ತಾರೆ, ಎರಡು ಎಲುಬಿನಲ್ಲಿ ತೆಳುವಾದ್ದನ್ನು ತೆಗೆದುಹಾಕಿ. ಮದುವೆ ಊಟಗಳಲ್ಲಿ, ಬಾರುಗಳಲ್ಲಿ, ಚೈನೀಸ್ ಎಂಬ ಬೋರ್ಡಿನ ಕೆಳಗೆ ಇಷ್ಟು ವರ್ಷ ಅಪ್ಪ ಚಪ್ಪರಿಸಿಕೊಂಡು ತಿಂದದ್ದು ಅದನ್ನೇ. "ಇದು ಕಾಲಿನ ಚಿಕ್ಕ ಪೀಸ್ ಅಲ್ಲವಾ?" ಎಂದು ಅವರು ಎರಡು ಸಲ ಕೇಳಿದರು. ಎಲುಬು ಕಾಣಿಸದ ಹಾಗೆ ಮಾಡಿದರೆ ಗಂಡಸರು ಏನನ್ನೂ ತಿನ್ನುತ್ತಾರೆ ಎಂಬಂತೆ ಅಮ್ಮ ಗೋಡೆಯ ಕಡೆ ನೋಡಿದರು.

ಅಲ್‌ಫಹಮ್ ಬಗ್ಗೆ ಒಂದು ಮಾತು. ಅರಬ್ಬಿ ಭಾಷೆಯಲ್ಲಿ ಇದ್ದಿಲು ಎಂದು ಅದರ ಅರ್ಥ. ಗಲ್ಫಿಗೆ ದುಡಿಯಲು ಹೋದ ಕರಾವಳಿ ಮತ್ತು ಮಲಬಾರಿನವರ ಜೊತೆ ಊರಿಗೆ ಬಂದ ರುಚಿಗಳಲ್ಲಿ ಇದೂ ಒಂದು. ಕೋಳಿಯನ್ನು ಚರ್ಮ ಸಮೇತ ಅಗಲಕ್ಕೆ ಬಿಡಿಸಿ ತಂತಿಯ ಜಾಲರಿಯಲ್ಲಿಟ್ಟು ಕೆಂಡದ ಮೇಲೆ ಸುಡುತ್ತಾರೆ. ಹೀಗೆ ಸುಟ್ಟ ಅರ್ಧ ಕೋಳಿಯಲ್ಲಿ ಮೊದಲು ಹದಕ್ಕೆ ಬರುವುದು, ಅಂಚು ಕರಿಕಾಗಿ ಹೊಗೆಯ ವಾಸನೆ ಹೀರುವುದು ರೆಕ್ಕೆಯೇ. ಎದೆಯ ಭಾಗವಾದರೋ ಬಿಳಿ ಬೆಳ್ಳುಳ್ಳಿ ಮಯೋನೈಸ್ ಇಲ್ಲದೆ ಗಂಟಲಲ್ಲಿ ಇಳಿಯುವುದು ಕಷ್ಟ. ಕಾಲನ್ನು ಅಣ್ಣ ತಮ್ಮ ಅಕ್ಕ ತಂಗಿಯರು ಪಾಲು ಮಾಡಿಕೊಳ್ಳುವಷ್ಟರಲ್ಲಿ ಜಾಣರು ರೆಕ್ಕೆ ಎತ್ತಿಕೊಂಡಿರುತ್ತಾರೆ.

ಘೀ ರೋಸ್ಟ್ ಕುಂದಾಪುರದ್ದು. ಅಲ್ಲಿನ ಶೆಟ್ಟಿ ಲಂಚ್ ಹೋಂನಲ್ಲಿ ಹುಟ್ಟಿತೆಂದು ಎಲ್ಲರೂ ಒಪ್ಪುತ್ತಾರೆ. ತುಪ್ಪ, ಬ್ಯಾಡಗಿ ಮೆಣಸು, ಹುಳಿ, ಒಂದು ಚೂರು ಬೆಲ್ಲ. ಇದಕ್ಕೆ ಬೋನ್‌ಲೆಸ್ ಕೇಳುವವರು ಹೆಚ್ಚುತ್ತಿದ್ದಾರೆ. ಆದರೆ ಎಲುಬಿದ್ದ ತೊಡೆಯ ತುಂಡಿಗೆ ಮಸಾಲೆ ಹಿಡಿದಂತೆ ಬೋನ್‌ಲೆಸ್ಸಿಗೆ ಹಿಡಿಯುವುದಿಲ್ಲ. ರೆಕ್ಕೆಯೂ ಇದಕ್ಕೆ ಹೇಳಿದ್ದಲ್ಲ, ತುಪ್ಪದ ಮೇಲೆ ಚರ್ಮದ ಕೊಬ್ಬು ಹೆಚ್ಚಾಗಿಬಿಡುತ್ತದೆ. ರೆಕ್ಕೆಗೆ ಸರಿಯಾದ ಜೋಡಿ ಸುಕ್ಕ. ಚರ್ಮ ಇರಬೇಕು, ಊರ ಕೋಳಿಯದ್ದಾದರೆ ಕೇಳುವುದೇ ಬೇಡ. ಕೋರಿ ರೊಟ್ಟಿಗೆ ಬೆನ್ನು, ಕಾಲು.

ಕೆಂಪು ಬಣ್ಣದ ವಿಷಯ ಬಂತು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸು ಖಾರ ಕಡಿಮೆ, ಬಣ್ಣ ಜಾಸ್ತಿ; ಘೀ ರೋಸ್ಟಿನ ಕೆಂಪು ಅದರದ್ದು. ರಸ್ತೆ ಬದಿಯ ಕಬಾಬಿನ ಹೊಳೆಯುವ ಕೆಂಪು ಹಲವು ಕಡೆ ಅದರದ್ದಾಗಿರಲಿಲ್ಲ. 2024ರಲ್ಲಿ ರಾಜ್ಯದಲ್ಲಿ ಪರೀಕ್ಷಿಸಿದ 39 ಕಬಾಬ್ ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ಕಂಡುಬಂದವು. ಸನ್‌ಸೆಟ್ ಯೆಲ್ಲೋ, ಕಾರ್ಮೋಯಿಸಿನ್ ಎಂಬ ಬಣ್ಣಗಳು ಸಿಕ್ಕಿದವು. ಆ ವರ್ಷ ಜೂನ್‌ನಲ್ಲಿ ಸರಕಾರ ಕೋಳಿ ಮತ್ತು ಮೀನಿನ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕಂದು ಬಣ್ಣದ ಕಬಾಬ್ ಕಂಡರೆ "ಇದೇನು, ಹಳೆಯದಾ?" ಎಂದು ಮೂಗು ಮುರಿಯುವ ಗಿರಾಕಿ ಇರುವವರೆಗೆ ಅಂಗಡಿಯವನನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಕೊನೆಗೂ ಹುಡುಗನ ಹಟ ಗೆದ್ದು ಒಂದು ಪ್ಲೇಟ್ ವಿಂಗ್ಸ್ ಬಂತು. ಆರು ತುಂಡು. ಅಮ್ಮ ಎಣಿಸಿದರು. ಒಂದು ರೆಕ್ಕೆಯಿಂದ ಎರಡು ತುಂಡು, ಅಂದರೆ ಒಂದು ಕೋಳಿಗೆ ನಾಲ್ಕು. ಆರು ತುಂಡೆಂದರೆ ಒಂದೂವರೆ ಕೋಳಿ. "ಒಂದು ಪ್ಲೇಟಿಗೆ ಒಂದೂವರೆ ಕೋಳಿ! ಉಳಿದದ್ದೆಲ್ಲ ಎಲ್ಲಿ?" ಉಳಿದದ್ದೆಲ್ಲ ಪಕ್ಕದ ಮೇಜುಗಳಲ್ಲಿ ಉಂಟು. ಎದೆ ಬೋನ್‌ಲೆಸ್ಸಾಗಿ ಶವರ್ಮಕ್ಕೆ, ಕಾಲು ಬಿರಿಯಾನಿಗೆ, ಬೆನ್ನು ಸೂಪಿಗೆ. ಮನೆಯಲ್ಲಿ ಒಂದು ಕೋಳಿಯನ್ನು ಆರು ಜನಕ್ಕೆ ಹಂಚುವ ಲೆಕ್ಕ ಬಲ್ಲವರಿಗೆ, ಹತ್ತು ಕೋಳಿಯ ಒಂದೊಂದೇ ಭಾಗ ಒಂದೊಂದು ಮೇಜಿಗೆ ಹೋಗುವ ಈ ಲೆಕ್ಕ ಅಷ್ಟು ಬೇಗ ತಲೆಗೆ ಹತ್ತುವುದಿಲ್ಲ. ಇಲ್ಲಿ ಕಾಲಿಗಾಗಿ ಜಗಳವಿಲ್ಲ. ದುಡ್ಡು ಕೊಟ್ಟರೆ ಆರೂ ಕಾಲೇ ಬೇಕೆಂದರೂ ಕೊಡುತ್ತಾರೆ.

ಬಹುಶಃ ಅದಕ್ಕೇ ಮಗಳಿಗೆ ಕೇಳುವ ಧೈರ್ಯ ಬಂದದ್ದು. "ಅಮ್ಮ, ನಿಜ ಹೇಳು. ಮನೆಯಲ್ಲಿ ನೀನು ಯಾವಾಗಲೂ ರೆಕ್ಕೆಯೇ ಹಾಕಿಕೊಳ್ಳುವುದು ನಮಗೆ ಕಾಲು ಸಿಗಲಿ ಅಂತ ಅಲ್ಲವಾ?" ಅವಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹಾಸ್ಟೆಲಿಗೆ ಹೋದ ಮಕ್ಕಳಿಗೆ ಮನೆಯ ವಿಷಯದಲ್ಲಿ ಇಂಥ ಜ್ಞಾನೋದಯಗಳು ಆಗುತ್ತಿರುತ್ತವೆ. ತಟ್ಟೆಯಲ್ಲಿದ್ದ ಕಾಲನ್ನು ಅಮ್ಮನ ಕಡೆ ದೂಡಿದಳು.

ಅಮ್ಮ ಅದನ್ನು ಹಿಂದಕ್ಕೆ ದೂಡಿದರು. ಅವರು ಹೇಳಿದ್ದು ಹೀಗೆ: ಮದುವೆಯಾಗಿ ಬಂದ ಹೊಸತರಲ್ಲಿ ಹೌದು, ಪಾತ್ರೆಯಲ್ಲಿ ಉಳಿಯುತ್ತಿದ್ದದ್ದು ಅದು, ತಿಂದದ್ದು ಹೌದು. ಬೇಜಾರೂ ಆಗಿತ್ತು. ಅತ್ತೆ ಒಮ್ಮೆ ಕಂಡು, ಚರ್ಮದ ಹತ್ತಿರ ಮಸಾಲೆ ನಿಲ್ಲುವುದು ಅಲ್ಲೇ ಎಂದು ತೋರಿಸಿಕೊಟ್ಟರು. ಅವರೂ ಹಾಗೆ ಕಲಿತವರು. ಆಮೇಲಾಮೇಲೆ ಕಾಲು ಉಳಿದರೂ ಅಮ್ಮ ಹಾಕಿಕೊಂಡದ್ದಿಲ್ಲ. "ಕಾಲಿನಲ್ಲಿ ಎಂತ ಉಂಟು? ಒಂದು ಎಲುಬು, ಸುತ್ತ ಮಾಂಸ. ಮಕ್ಕಳು ತಿನ್ನುವಂಥದ್ದು." ಇದರಲ್ಲಿ ಎಷ್ಟು ನಿಜ, ಎಷ್ಟು ಮಗಳ ಸಮಾಧಾನಕ್ಕೆ ಹೇಳಿದ್ದು ಎಂದು ಹೇಗೆ ಹೇಳುವುದು? ಅವರಿಗೇ ಗೊತ್ತಿದೆಯೋ ಇಲ್ಲವೋ. ಇಪ್ಪತ್ತು ವರ್ಷ ತಿಂದದ್ದು ನಾಲಿಗೆಗೆ ಹತ್ತಿದ ಮೇಲೆ ಅದರ ಬೇರು ಹುಡುಕುವುದು ಸುಲಭವಲ್ಲ.

ಆದರೆ ಅವರು ಪಂಪ್‌ವೆಲ್‌ನ ರೆಕ್ಕೆಯನ್ನು ತಿಂದ ರೀತಿ ನೋಡಿದರೆ ಮಗಳಿಗೆ ಅನುಮಾನ ಉಳಿಯುತ್ತಿರಲಿಲ್ಲ. ಚಪ್ಪಟೆ ತುಂಡನ್ನೇ ಆರಿಸಿದರು. ಎರಡು ತುದಿ ಹಿಡಿದು ಸ್ವಲ್ಪ ತಿರುಚಿ ತೆಳ್ಳನೆಯ ಎಲುಬನ್ನು ಸೂಜಿಯಂತೆ ಎಳೆದು ತೆಗೆದರು. ಮಾಂಸ ಒಂದಿಷ್ಟೂ ಅಂಟಿರಲಿಲ್ಲ. ಹುಡುಗ ಬಾಯಿ ಬಿಟ್ಟು ನೋಡಿದ. ಅವನ ತಟ್ಟೆಯಲ್ಲಿ ಎಲುಬಿನ ಜೊತೆ ಅರ್ಧ ಮಾಂಸ ಹಾಗೇ ಬಿದ್ದಿತ್ತು. ಅವರು ತಿಂದು ಮುಗಿಸಿ ಹೇಳಿದ್ದು, "ಸಾಸಿನದ್ದು ಸಿಹಿ ಜಾಸ್ತಿ ಆಯಿತು. ಕರಿದದ್ದು ಅಡ್ಡಿಯಿಲ್ಲ."

ಹೊರಗೆ ಬಂದಾಗ ಕತ್ತಲಾಗಿತ್ತು. ಸೇತುವೆಯ ಮೇಲೆ ಕಾಸರಗೋಡಿನ ಬಸ್ಸುಗಳು, ಕೆಳಗೆ ಆಟೋಗಳು. ಪುತ್ತೂರು, ಸುಳ್ಯ ಎಂದು ಕಂಡಕ್ಟರ್ ಕೂಗುತ್ತಿದ್ದ. ಅಪ್ಪ ಉಳಿದ ಎರಡು ಲಾಲಿಪಾಪನ್ನು ಪಾರ್ಸೆಲ್ ಕಟ್ಟಿಸಿಕೊಂಡಿದ್ದರು, ಅದು ರೆಕ್ಕೆಯೆಂದು ತಿಳಿದ ಮೇಲೂ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅಮ್ಮ ಮಗಳಿಗೆ ಹೇಳಿದರು:

"ಮುಂದಿನ ತಿಂಗಳು ಬರುವಾಗ ಊರ ಕೋಳಿಯ ಸುಕ್ಕ ಮಾಡಿ ಡಬ್ಬಿಯಲ್ಲಿ ತರುತ್ತೇನೆ. ಕಾಲು ಎರಡೂ ನಿನಗೆ. ರೆಕ್ಕೆ ಮಾತ್ರ ಕೇಳಬೇಡ."